ಮಣಿಕೊಂಡದ ಬಂಡೆ, ಬೀದರಿನ ಕರಿಕಲ್ಲು

ಮಣಿಕೊಂಡದಲ್ಲಿ ಹೊಸ ಅಪಾರ್ಟ್‌ಮೆಂಟ್ ಏಳುತ್ತಿರುವ ಸುದ್ದಿ ಕಣ್ಣಿಗಿಂತ ಮೊದಲು ಕಿವಿಗೆ ತಲುಪುತ್ತದೆ. ನೆಲಮಾಳಿಗೆಗೆಂದು ಗುಂಡಿ ತೋಡುವವರು ಮೇಲಿನ ಕೆಂಪು ಗರಸನ್ನು ಒಂದೆರಡು ದಿನದಲ್ಲಿ ಬಗೆದು ಎಸೆಯುತ್ತಾರೆ. ಅದರ ಕೆಳಗೆ ಬಂಡೆ ಸಿಗುತ್ತದೆ. ಅಲ್ಲಿಂದ ಮುಂದೆ ತಿಂಗಳುಗಟ್ಟಲೆ ಬ್ರೇಕರ್ ಯಂತ್ರದ ಕುಟ್ಟಾಟ, ಆಗೊಮ್ಮೆ ಈಗೊಮ್ಮೆ ಕಿಟಕಿ ಗಾಜು ನಡುಗಿಸುವ ಸಿಡಿತ. ಪುಪ್ಪಾಲಗುಡ, ಖಾಜಾಗುಡ, ನಾರ್ಸಿಂಗಿ, ನಾನಕ್‌ರಾಮ್‌ಗುಡ, ಹೈದರಾಬಾದಿನ ಪಶ್ಚಿಮ ಅಂಚಿನ ಯಾವ ಬಡಾವಣೆಗೆ ಹೋದರೂ ಇದೇ ಪಾಡು. ಆ ಬಂಡೆ ಗ್ರಾನೈಟ್.

ಇದೇ ಫ್ಲ್ಯಾಟುಗಳಲ್ಲಿ ಬೀದರ, ಭಾಲ್ಕಿ, ಕಲಬುರಗಿ ಕಡೆಯ ಕನ್ನಡದವರೂ ಇದ್ದಾರೆ. ಹಬ್ಬಕ್ಕೆ ಊರಿಗೆ ಹೋದಾಗ ಅವರು ಕಾಲಿಡುವುದು ಬೇರೆಯದೇ ಬಂಡೆಯ ನೆಲದ ಮೇಲೆ. ಅದು ಬಸಾಲ್ಟ್, ಆಡುಮಾತಿನ ಕರಿಕಲ್ಲು. ಗ್ರಾನೈಟ್, ಬಸಾಲ್ಟ್ ಎರಡೂ ಅಗ್ನಿಶಿಲೆಗಳೆಂದು ಶಾಲೆಯ ಪುಸ್ತಕ ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತದೆ. ಎರಡೂ ಒಂದು ಕಾಲಕ್ಕೆ ಕರಗಿದ ಕಲ್ಲಿನ ರಸವಾಗಿದ್ದವು ಎಂಬಷ್ಟು ಅದರಲ್ಲಿ ನಿಜ. ಆದರೆ ಕೊಳವೆಬಾವಿ ಏಕೆ ಒಣಗುತ್ತದೆ, ಹೊಲದ ಮಣ್ಣು ಏಕೆ ಕಪ್ಪು, ಅಡುಗೆಕಟ್ಟೆಯ ಹಾಸುಗಲ್ಲಿಗೆ ಕಲೆ ಏಕೆ ಹಿಡಿಯುತ್ತದೆ ಎಂದು ಕೇಳಹೊರಟರೆ ಆ ಒಂದು ಸಾಲು ಸಾಲುವುದಿಲ್ಲ. ಯಾವ ಅಗ್ನಿಶಿಲೆಗಾದರೂ ಎರಡು ಪ್ರಶ್ನೆ ಹಾಕಬೇಕು: ಕರಗಿದ್ದು ಏನು? ಆರಿದ್ದು ಎಲ್ಲಿ?

ಮೊದಲು ಎರಡನೆಯ ಪ್ರಶ್ನೆ. ಅದರ ಉತ್ತರ ಕಣ್ಣಿಗೇ ಕಾಣುತ್ತದೆ. ಕಟ್ಟಡದ ಗುಂಡಿಯ ಪಕ್ಕ ಬಿದ್ದಿರುವ, ಆಗಷ್ಟೇ ಒಡೆದ ಚೂರೊಂದನ್ನು ಎತ್ತಿಕೊಳ್ಳಿ. ಹಳೆಯ ಮೈ ನೋಡಿ ಪ್ರಯೋಜನವಿಲ್ಲ, ಮಳೆ ಬಿಸಿಲಿಗೆ ಎಲ್ಲ ಕಲ್ಲೂ ಒಂದೇ ಮಾಸಲು ಬಣ್ಣಕ್ಕೆ ತಿರುಗಿರುತ್ತದೆ. ಹೊಸ ಮೈಯನ್ನು ಬಿಸಿಲಿಗೆ ಹಿಡಿದು ಅತ್ತಿತ್ತ ತಿರುಗಿಸಿದರೆ ಅಲ್ಲಲ್ಲಿ ಸಪಾಟಾದ ಪುಟ್ಟ ಮುಖಗಳು ಫಳಕ್ಕೆಂದು ಹೊಳೆದು ಮರೆಯಾಗುತ್ತವೆ. ನಸುಗೆಂಪು ಅಥವಾ ಬಿಳಿ ಬಣ್ಣದ ಆ ಹರಳು ಫೆಲ್ಡ್‌ಸ್ಪಾರ್. ಕೆಂಪು ಬರುವುದು ಅದರೊಳಗೆ ಸಿಕ್ಕಿಕೊಂಡ ಅತಿಸೂಕ್ಷ್ಮ ಕಬ್ಬಿಣದ ಆಕ್ಸೈಡಿನ ಕಣಗಳಿಂದ. ಅದರ ಸಂದಿಯಲ್ಲಿ ತುಂಬಿಕೊಂಡಿರುವ, ಸಪಾಟು ಮುಖವೇ ಇಲ್ಲದೆ ಅಡ್ಡಾದಿಡ್ಡಿಯಾಗಿ ಒಡೆದಿರುವ ಬೂದುಬಣ್ಣದ ಗಾಜಿನಂಥ ಭಾಗ ಬೆಣಚು. ಅಲ್ಲಲ್ಲಿ ಕಪ್ಪು ಚುಕ್ಕೆಗಳಿವೆ. ಉಗುರಿನ ತುದಿಯಿಂದ ಕೆದಕಿ ನೋಡಿ, ಕೆಲವು ಪದರ ಪದರವಾಗಿ ಏಳುತ್ತವೆ. ಅದು ಕಪ್ಪು ಅಭ್ರಕ, ನಮ್ಮ ಹಳ್ಳಿಗಳ ಕಾಗೆಬಂಗಾರ. ಏಳದೆ ಗಟ್ಟಿಯಾಗಿ ಕೂತ ಕಪ್ಪು ಬಹುಮಟ್ಟಿಗೆ ಹಾರ್ನ್‌ಬ್ಲೆಂಡ್. ಇಷ್ಟೇ ಮುಖ್ಯ ಸಾಮಗ್ರಿ. ಯಾವ ಉಪಕರಣವೂ ಇಲ್ಲದೆ ಒಂದೊಂದು ಹರಳನ್ನೂ ಬೇರೆಬೇರೆಯಾಗಿ ಗುರುತಿಸಬಹುದು ಎಂಬುದೇ ಗ್ರಾನೈಟಿನ ಮೊದಲ ಗುರುತು.

ಹರಳು ಇಷ್ಟು ದಪ್ಪವಾಗಿ ಬೆಳೆಯಬೇಕಾದರೆ ಶಿಲಾರಸ ತೀರ ನಿಧಾನವಾಗಿ ಆರಬೇಕು. ನೆಲದ ಹಲವು ಕಿಲೋಮೀಟರ್ ಆಳದಲ್ಲಿ, ಸುತ್ತಲೂ ಬಿಸಿಯಾದ ಬಂಡೆಯನ್ನೇ ಹೊದ್ದು ಕೂತ ರಸ ಗಟ್ಟಿಯಾಗಲು ಸಾವಿರಾರು, ಲಕ್ಷಾಂತರ ವರ್ಷ ಹಿಡಿಯುತ್ತದೆ. ಹಾಗಾದರೆ ಮಣಿಕೊಂಡದ ಬಂಡೆ ಒಂದು ಕಾಲಕ್ಕೆ ಅಷ್ಟು ಆಳದಲ್ಲಿತ್ತು. ಅದರ ಮೇಲಿದ್ದ ಬೆಟ್ಟಗುಡ್ಡಗಳೆಲ್ಲ ಸವೆದು, ಹೊಳೆಗಳ ಪಾಲಾಗಿ, ಕೆಳಗಿದ್ದದ್ದು ಬಯಲಿಗೆ ಬಂತು. ಇಲ್ಲಿನ ಲ್ಯಾಂಕೊ ಹಿಲ್ಸ್ ಬಡಾವಣೆಯ ಗೋಪುರಗಳು ನಿಂತಿರುವುದು ಕರಗಿಹೋದ ಪರ್ವತದ ಬುಡದ ಮೇಲೆ ಎಂದರೆ ಉತ್ಪ್ರೇಕ್ಷೆಯಲ್ಲ.

ಸವೆಯಲು ಸಮಯವೂ ಬೇಕಾದಷ್ಟು ಸಿಕ್ಕಿದೆ. ಹೈದರಾಬಾದಿನ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಗ್ರಾನೈಟಿನೊಳಗೆ ಝಿರ್ಕಾನ್ ಎಂಬ, ಮರಳಿನ ಕಣಕ್ಕಿಂತ ಚಿಕ್ಕ ಹರಳುಗಳಿರುತ್ತವೆ. ಹುಟ್ಟುವಾಗ ಅವು ಸ್ವಲ್ಪ ಯುರೇನಿಯಂ ಒಳಗೆ ಸೇರಿಸಿಕೊಳ್ಳುತ್ತವೆ, ಸೀಸವನ್ನು ಹತ್ತಿರ ಸೇರಿಸುವುದಿಲ್ಲ. ಯುರೇನಿಯಂ 238 ತನ್ನ ಅರ್ಧದಷ್ಟು ಸೀಸವಾಗಲು 447 ಕೋಟಿ ವರ್ಷ ತೆಗೆದುಕೊಳ್ಳುತ್ತದೆ. ಆದ್ದರಿಂದ ಹರಳಿನೊಳಗೆ ಇಂದು ಸಿಗುವ ಸೀಸವೆಷ್ಟು, ಯುರೇನಿಯಂ ಎಷ್ಟು ಎಂದು ಅಳೆದರೆ ವಯಸ್ಸು ಸಿಕ್ಕಿತು.

ಭೂವಿಜ್ಞಾನದ ನಕ್ಷೆಯಲ್ಲಿ ಈ ನೆಲ ಧಾರವಾಡ ಕ್ರೇಟಾನ್ ಎಂಬ ಪ್ರಾಚೀನ ಭೂಖಂಡದ ಪೂರ್ವಭಾಗ. ರಾಯಚೂರು, ಹಂಪಿ, ಕೋಲಾರ ಎಲ್ಲವೂ ಇದರದೇ ಮೈ. ಶೋಲೆ ಚಿತ್ರದ ರಾಮನಗರದ ಬೆಟ್ಟಗಳು ಕ್ಲೋಸ್‌ಪೇಟ್ ಗ್ರಾನೈಟ್. ಅವುಗಳ ವಯಸ್ಸೂ ಹೆಚ್ಚು ಕಡಿಮೆ ಇಷ್ಟೇ. ಹಂಪಿಯಿಂದ ಬಂದವರಿಗೆ ಗೋಲ್ಕೊಂಡದ ಸುತ್ತಮುತ್ತ ನೋಡಿದರೆ ಊರಲ್ಲೇ ಇದ್ದಂತೆ ಅನಿಸುವುದು ಸುಮ್ಮನೆ ಅಲ್ಲ. ರಾಜ್ಯದ ಗಡಿಯನ್ನು ಬಂಡೆ ಲೆಕ್ಕಕ್ಕೇ ಇಟ್ಟುಕೊಂಡಿಲ್ಲ.

ಈಗ ಮೊದಲನೆಯ ಪ್ರಶ್ನೆ. ಕರಗಿದ್ದು ಏನು? ಭೂಮಿಯ ತೊಗಟೆಯ ಕೆಳಗೆ ಕುದಿಯುವ ಲಾವಾದ ಸಮುದ್ರವಿದೆ ಎಂದು ಬಹಳ ಜನ ಭಾವಿಸುತ್ತಾರೆ. ಹಾಗೇನೂ ಇಲ್ಲ. ಕೆಳಗಿನ ಮ್ಯಾಂಟಲ್ ಬಹುಪಾಲು ಗಟ್ಟಿ ಬಂಡೆಯೇ. ಅದು ಬಿಸಿಯಾಗಿದೆ, ಲಕ್ಷಾಂತರ ವರ್ಷಗಳ ಲೆಕ್ಕದಲ್ಲಿ ನಿಧಾನವಾಗಿ ಹರಿಯುತ್ತದೆ, ಆದರೆ ದ್ರವವಲ್ಲ. ಅಲ್ಲಲ್ಲಿ ಮಾತ್ರ, ವಿಶೇಷ ಸಂದರ್ಭದಲ್ಲಿ ಮಾತ್ರ, ಅದರ ಒಂದಂಶ ಕರಗುತ್ತದೆ. ಒಂದಂಶ ಎಂಬ ಮಾತಿನಲ್ಲೇ ಎಲ್ಲ ಇದೆ. ಫ್ರಿಜ್ಜಿನಲ್ಲಿಟ್ಟ ಬಿಸಿಬೇಳೆಬಾತನ್ನು ಒಲೆಯ ಮೇಲಿಟ್ಟರೆ ಮೊದಲು ತುಪ್ಪ ಕರಗಿ ಬದಿಗೆ ಹರಿಯುತ್ತದೆ. ಅನ್ನ, ಬೇಳೆ ಇದ್ದಲ್ಲೇ ಇರುತ್ತವೆ. ಬಂಡೆಯೂ ಹಾಗೇ. ಬೇಗ ಕರಗುವ ಅಂಶಗಳು ಮೊದಲು ರಸವಾಗಿ ಬಸಿದು ಮೇಲಕ್ಕೇರುತ್ತವೆ. ಆದ್ದರಿಂದ ಹೊರಬಂದ ರಸದ ಗುಣ ಮೂಲ ಬಂಡೆಯ ಗುಣವಲ್ಲ.

ಮ್ಯಾಂಟಲಿನ ಬಂಡೆಯಲ್ಲಿ ಕಬ್ಬಿಣ, ಮೆಗ್ನೀಸಿಯಂ ಹೆಚ್ಚು, ಬೆಣಚಿನ ಸಾಮಗ್ರಿಯಾದ ಸಿಲಿಕಾ ಕಡಿಮೆ. ಅದು ಹೀಗೆ ಸ್ವಲ್ಪವೇ ಕರಗಿ ಬಸಿದರೆ ಬರುವುದು ಬಸಾಲ್ಟಿನ ರಸ, ಸುಮಾರು ಅರ್ಧದಷ್ಟು ಸಿಲಿಕಾ ಇರುವಂಥದ್ದು. ಆ ಬಸಾಲ್ಟಿನ ಜಾತಿಯ ತೊಗಟೆಯೇ ಮತ್ತೆ ಆಳಕ್ಕೆ ಹೋಗಿ, ನೀರಿನ ಅಂಶದ ಜೊತೆಗೆ ಬಿಸಿಯಾಗಿ, ಇನ್ನೊಮ್ಮೆ ಬಸಿದರೆ ಸಿಲಿಕಾ ಇನ್ನಷ್ಟು ಏರುತ್ತದೆ. ಹೀಗೆ ಹುಟ್ಟಿದ ಹಳೆಯ ತೊಗಟೆ ಮಗದೊಮ್ಮೆ ಕರಗಿದಾಗ ಬರುವುದು ನೂರಕ್ಕೆ 70ರ ಮೇಲೆ ಸಿಲಿಕಾ ಇರುವ ಗ್ರಾನೈಟಿನ ರಸ. ಹೈದರಾಬಾದಿನ ಗ್ರಾನೈಟಿನ ಬಹುಪಾಲು ಕಥೆ ಇದೇ. ಅದಕ್ಕಿಂತ ಹಳೆಯ ಬಂಡೆಗಳು ಕೆಳಗಿನಿಂದ ಬಂದ ಬಿಸಿಗೆ ಕರಗಿ ಕೊಟ್ಟ ರಸ ಅದು. ಹಾಗಾಗಿ ಬಸಾಲ್ಟ್ ಒಮ್ಮೆ ಸೋಸಿದ ಕಲ್ಲಾದರೆ ಗ್ರಾನೈಟ್ ಹಲವು ಸಲ ಸೋಸಿದ್ದು. ನೀರಿಲ್ಲದೆ ಈ ಸೋಸುವಿಕೆ ಸಲೀಸಾಗಿ ನಡೆಯದು. ಚಂದ್ರನ ಮೇಲೆ ಕಾಣುವ ಕಪ್ಪು ಮಚ್ಚೆಗಳು ಬಸಾಲ್ಟ್, ಮಂಗಳನ ನೆಲವೂ ಬಹುತೇಕ ಬಸಾಲ್ಟ್. ಗ್ರಾನೈಟಿನ ಖಂಡಗಳನ್ನೇ ಕಟ್ಟಿಕೊಂಡ ಗ್ರಹವೆಂದು ನಮಗೆ ಗೊತ್ತಿರುವುದು ಭೂಮಿ ಒಂದೇ.

ರಸದಲ್ಲಿ ಸಿಲಿಕಾ ಹೆಚ್ಚಿದಷ್ಟೂ ಅಂಟೂ ಹೆಚ್ಚು. ಬಸಾಲ್ಟಿನ ರಸ 1,100ರಿಂದ 1,200 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಹೊರಬಂದು ತೆಳುವಾಗಿ ಹರಿಯುತ್ತದೆ. ಗ್ರಾನೈಟಿನದು ಸುಮಾರು 650ರಿಂದ 800 ಡಿಗ್ರಿಯ ರಸ. ಲಕ್ಷಾಂತರ ಪಟ್ಟು ಹೆಚ್ಚು ಅಂಟು. ಏಳಲೂ ಆಗದೆ ಇಳಿಯಲೂ ಆಗದೆ ನಡುದಾರಿಯಲ್ಲೇ ಸಿಕ್ಕಿಕೊಂಡು ಆರುವುದೇ ಅದಕ್ಕೆ ಹೆಚ್ಚು. ಎಂದರೆ ನನ್ನ ಎರಡು ಪ್ರಶ್ನೆಗಳು ಪೂರಾ ಬೇರೆ ಬೇರೆ ಅಲ್ಲ. ಏನು ಕರಗಿತು ಎಂಬುದು ಎಲ್ಲಿ ಆರಬೇಕು ಎಂಬುದನ್ನು ಅರ್ಧ ತೀರ್ಮಾನಿಸಿರುತ್ತದೆ.

ಮಣಿಕೊಂಡದ ನೆರೆಯಲ್ಲೇ ಖಾಜಾಗುಡದ ಗುಡ್ಡಗಳಿವೆ. ಒಂದರ ಮೇಲೊಂದು ಬೀಳದಂತೆ ಕೂತ ದುಂಡು ಹೆಬ್ಬಂಡೆಗಳನ್ನು ಯಾರೋ ಎತ್ತಿ ಇಟ್ಟರೋ, ಪ್ರಳಯ ಹೊತ್ತು ತಂದಿತೋ ಎಂದು ಅನಿಸುವುದು ಸಹಜ. ಅವು ಎಲ್ಲಿಂದಲೂ ಬಂದಿಲ್ಲ, ಇದ್ದಲ್ಲೇ ದುಂಡಾದವು. ಆಳದಲ್ಲಿದ್ದ ಗ್ರಾನೈಟಿನ ಮೇಲಿನ ಭಾರ ಇಳಿಯುತ್ತ ಬಂದಂತೆ ಅದು ಹಿಗ್ಗಿ ಅಡ್ಡಲಾಗಿ, ಉದ್ದಕ್ಕೆ ಸೀಳುತ್ತದೆ. ಈ ಸೀಳುಗಳಿಗೆ ಮಳೆನೀರು ಇಳಿಯುತ್ತದೆ. ನೀರಿಗೆ ಸಿಕ್ಕ ಫೆಲ್ಡ್‌ಸ್ಪಾರ್ ಕಾಲಕ್ರಮೇಣ ಜೇಡಿಯಾಗುತ್ತದೆ, ಬೆಣಚು ಮರಳಾಗಿ ಉದುರುತ್ತದೆ. ಚೌಕಾಕಾರದ ಬಂಡೆಯ ಮೂಲೆಗಳಿಗೆ ಮೂರು ಕಡೆಯಿಂದ ನೀರು ತಾಗುವುದರಿಂದ ಮೂಲೆಯೇ ಮೊದಲು ಸವೆಯುತ್ತದೆ, ನಡುವಿನ ತಿರುಳು ದುಂಡಾಗಿ ಉಳಿಯುತ್ತದೆ. ಇದೆಲ್ಲ ನಡೆಯುವುದು ಮಣ್ಣಿನೊಳಗೇ. ಆಮೇಲೆ ಸುತ್ತಲಿನ ಗರಸು ಮಳೆಗೆ ಕೊಚ್ಚಿಹೋದಾಗ ತಿರುಳುಗಳು ಒಂದರ ಮೇಲೊಂದು ಕೂತು ಬಯಲಾಗುತ್ತವೆ. ಗುಂಡಿ ತೋಡುವಾಗ ಗರಸಿನ ನಡುವೆ ದುಂಡು ಬಂಡೆಗಳು ಸಿಗುವುದೂ ಇದಕ್ಕೇ: ಅವು ಇನ್ನೂ ಹೊರಬೀಳದ ಖಾಜಾಗುಡದ ಬಂಡೆಗಳು. ಹೈದರಾಬಾದ್ ವಿಶ್ವವಿದ್ಯಾಲಯದ ಆವರಣದ ಅಣಬೆಬಂಡೆಯಂಥ ಕೆಲವು ಉಳಿದಿವೆ. ಇವುಗಳನ್ನು ಉಳಿಸಲೆಂದೇ 1996ರಲ್ಲಿ ಸೊಸೈಟಿ ಟು ಸೇವ್ ರಾಕ್ಸ್ ಎಂಬ ಸಂಘ ಇಲ್ಲಿ ಹುಟ್ಟಿತು. ಉಳಿದವುಗಳಿಗಿಂತ ಜಲ್ಲಿಯಾದವು ಹೆಚ್ಚು ಎಂದು ಬೇರೆ ಹೇಳಬೇಕಿಲ್ಲ.

ಇನ್ನು ಬಸಾಲ್ಟನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಮಣಿಕೊಂಡದಿಂದ ಹೊರಟು, ಎಲ್ಲರೂ ಬಿಜಾಪುರ ರಸ್ತೆ ಎನ್ನುವ ಹೆದ್ದಾರಿ ಹಿಡಿದು, ಆಲದ ಮರಗಳ ಸಾಲಿನಡಿ ಚೇವೆಳ್ಳ ದಾಟಿ ವಿಕಾರಾಬಾದಿನ ಕಡೆ ತಿರುಗಿದರೆ ಎರಡು ಗಂಟೆಯೊಳಗೆ ನೆಲವೇ ಬದಲಾಗಿರುತ್ತದೆ. ದುಂಡು ಬಂಡೆಗಳು ಮಾಯವಾಗಿ, ತಟ್ಟೆ ಕವುಚಿಟ್ಟಂತಹ ಸಪಾಟು ನೆತ್ತಿಯ ದಿಬ್ಬಗಳು ಕಾಣಿಸುತ್ತವೆ. ಹೊಲದ ಮಣ್ಣು ಕೆಂಪಿನಿಂದ ಕಪ್ಪಿಗೆ ತಿರುಗುತ್ತದೆ. ದಖನ್ ಲಾವಾಹಾಸಿನ ಆಗ್ನೇಯ ಅಂಚು ಇಲ್ಲೇ ಎಲ್ಲೋ ಹಾದುಹೋಗುತ್ತದೆ. ಅಲ್ಲಿಂದ ಪಶ್ಚಿಮಕ್ಕೆ ಬೀದರ, ಕಲಬುರಗಿ, ವಿಜಯಪುರ, ಸೊಲ್ಲಾಪುರ, ಮುಂಬೈಯವರೆಗೂ ಅದರದೇ ರಾಜ್ಯ. ವಿಕಾರಾಬಾದಿನ ಅನಂತಗಿರಿ ಗುಡ್ಡದಲ್ಲಿ ಹುಟ್ಟುವ ಮೂಸಿ ನದಿ ಲಾವಾದ ನಾಡಿನಲ್ಲಿ ಕಣ್ಣು ಬಿಟ್ಟು ಗ್ರಾನೈಟಿನ ನಾಡಿಗೆ ಇಳಿದು ಬರುತ್ತದೆ. 1908ರ ಸೆಪ್ಟೆಂಬರಿನಲ್ಲಿ ಹೈದರಾಬಾದನ್ನು ಮುಳುಗಿಸಿದ್ದು ಇದೇ ನದಿ. ಆಗ ನಿಜಾಮರು ಕರೆಸಿಕೊಂಡ ಸರ್ ಎಂ. ವಿಶ್ವೇಶ್ವರಯ್ಯನವರು ನಗರಕ್ಕಿಂತ ಮೇಲೆಯೇ ನೀರನ್ನು ತಡೆದು ನಿಲ್ಲಿಸಲು ಸಲಹೆ ಕೊಟ್ಟರು. ಮಣಿಕೊಂಡದವರು ಭಾನುವಾರ ಸಂಜೆ ಗಾಳಿಗೆ ಹೋಗುವ ಗಂಡಿಪೇಟೆ ಕೆರೆ, ಎಂದರೆ 1920ರ ಉಸ್ಮಾನ್ ಸಾಗರ, ಹಾಗೆ ಬಂದದ್ದು.

ರಸ್ತೆ ಅಗಲಿಸಲು ಕಡಿದ ದಿಬ್ಬದ ಬುಡದಲ್ಲಿ ಬಸಾಲ್ಟಿನ ಚೂರು ಸಿಗುತ್ತದೆ. ಒಡೆದ ಮೈ ನೋಡಿ: ಕಪ್ಪು, ಇಲ್ಲವೇ ಹಸಿರುಛಾಯೆಯ ಕಪ್ಪು. ಹರಳು ಹುಡುಕಿದರೂ ಕಾಣದು. ಇಲ್ಲವೆಂದಲ್ಲ, ಬರಿಗಣ್ಣಿಗೆ ಸಿಗದಷ್ಟು ಸಣ್ಣ. ಗಾಳಿಗೆ ತೆರೆದುಕೊಂಡ ಲಾವಾ ಬೇಗ ಆರಿ ಹರಳಿಗೆ ಬೆಳೆಯಲು ಪುರಸೊತ್ತೇ ಕೊಡಲಿಲ್ಲ. ಕೆಲವು ಚೂರುಗಳ ತುಂಬ ತೂತು. ಲಾವಾದಲ್ಲಿ ಕರಗಿದ್ದ ಅನಿಲ ಗುಳ್ಳೆಯೆದ್ದು ಹೊರಹೋಗುವಷ್ಟರಲ್ಲಿ ಕಲ್ಲು ಗಟ್ಟಿಯಾಯಿತು. ಎಷ್ಟೋ ತೂತುಗಳನ್ನು ಆಮೇಲೆ ಬಂದ ನೀರು ಬಿಳಿಯ ಝಿಯೊಲೈಟ್ ಹರಳುಗಳಿಂದ ತುಂಬಿದೆ. ಗ್ರಾನೈಟಿನ ಚೂರಿನ ಪಕ್ಕ ಅಷ್ಟೇ ಗಾತ್ರದ ಬಸಾಲ್ಟ್ ಇಟ್ಟು ಎರಡು ಕೈಯಲ್ಲಿ ತೂಗಿದರೆ ಕರಿಕಲ್ಲು ಭಾರ ಎಂದು ತಿಳಿಯುತ್ತದೆ. ಒಂದು ಘನ ಅಡಿ ಗ್ರಾನೈಟ್ ಸುಮಾರು 75 ಕಿಲೋ, ತೂತಿಲ್ಲದ ಬಸಾಲ್ಟ್ ಸುಮಾರು 85. ಖಂಡಗಳು ಎತ್ತರದಲ್ಲಿ, ಸಾಗರದ ತಳ ತಗ್ಗಿನಲ್ಲಿ ಇರುವುದಕ್ಕೂ ಇದೇ ವ್ಯತ್ಯಾಸ ದೊಡ್ಡ ಕಾರಣ. ಸಾಗರದ ತಳವೆಲ್ಲ ಬಸಾಲ್ಟ್.

ಈ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಆಗ ಇಂಡಿಯಾದ ಭೂಫಲಕ ಉತ್ತರಕ್ಕೆ ಧಾವಿಸುತ್ತ ಇಂದಿನ ರಿಯೂನಿಯನ್ ದ್ವೀಪದ ಕೆಳಗಿರುವ ಬಿಸಿತಾಣದ ಮೇಲೆ ಹಾದುಹೋಗುತ್ತಿತ್ತು. ಆಳದಿಂದ ಬಿಸಿ ಮ್ಯಾಂಟಲ್ ಬಂಡೆ ಮೇಲೇರಿ ಬಂತು. ಮೇಲೇರಿದಂತೆ ಒತ್ತಡ ಇಳಿಯುತ್ತದೆ, ಒತ್ತಡ ಇಳಿದರೆ ಕರಗುವ ಉಷ್ಣತೆಯೂ ಇಳಿಯುತ್ತದೆ. ಹೊಸದಾಗಿ ಯಾರೂ ಬೆಂಕಿ ಹಾಕದೆಯೇ ಬಂಡೆ ಕರಗತೊಡಗುತ್ತದೆ. ಆ ರಸ ಜ್ವಾಲಾಮುಖಿಯ ಶಿಖರದಿಂದ ಉಕ್ಕಲಿಲ್ಲ. ಪಶ್ಚಿಮ ಘಟ್ಟದ ಕಡೆ, ನರ್ಮದೆ ತಪತಿ ಕಡೆ ಬಾಯಿಬಿಟ್ಟ ಉದ್ದನೆಯ ಬಿರುಕುಗಳಿಂದ ಹೊರಬಿದ್ದು ಸಾಲುಸಾಲಾಗಿ ಹರಿಯಿತು. ಇಂದು ಉಳಿದಿರುವ ಹಾಸೇ ಸುಮಾರು 5 ಲಕ್ಷ ಚದರ ಕಿಲೋಮೀಟರ್. ಘಟ್ಟದಲ್ಲಿ ಅದರ ದಪ್ಪ ಎರಡು ಕಿಲೋಮೀಟರಿಗೂ ಹೆಚ್ಚು. ಆಂಧ್ರದ ರಾಜಮಹೇಂದ್ರಿಯಲ್ಲಿ ಗೋದಾವರಿಯ ದಂಡೆಗೂ ಇದೇ ಕಾಲದ ಬಸಾಲ್ಟ್ ಇದೆ. ಅದು ಸಾವಿರ ಕಿಲೋಮೀಟರ್ ಹರಿದು ಬಂದ ದಖನ್ ಲಾವಾ ಎಂದು ಹಲವು ವಿಜ್ಞಾನಿಗಳು ಹೇಳುತ್ತಾರೆ. ಡೈನೋಸಾರ್‌ಗಳು ಅಳಿದದ್ದೂ ಇದೇ ಹೊತ್ತಿಗೆ. ಅಪರಾಧ ಮೆಕ್ಸಿಕೊದಲ್ಲಿ ಬಿದ್ದ ಕ್ಷುದ್ರಗ್ರಹದ್ದೋ, ದಖನ್ನಿನ ಹೊಗೆಯದ್ದೂ ಪಾಲಿದೆಯೋ ಎಂಬ ಜಗಳ ಇನ್ನೂ ನಿಂತಿಲ್ಲ. ರಿಯೂನಿಯನ್ ದ್ವೀಪದ ಜ್ವಾಲಾಮುಖಿಯೂ ನಿಂತಿಲ್ಲ. ಈಗಲೂ ಬಸಾಲ್ಟ್ ಉಗುಳುತ್ತಿದೆ.

ಒಂದು ಲಾವಾ ಹರಿವಿಗೂ ಮುಂದಿನದಕ್ಕೂ ನಡುವೆ ಕೆಲವೊಮ್ಮೆ ಸಾವಿರಾರು ವರ್ಷ ಬಿಡುವಿರುತ್ತಿತ್ತು. ಆ ಬಿಡುವಿನಲ್ಲಿ ಕೆರೆಗಳಾದವು, ಗಿಡಮರ ಬೆಳೆದವು. ವಿಕಾರಾಬಾದಿನ ಹತ್ತಿರ ನಸ್ಕಲ್ ಎಂಬ ಊರಿದೆ. ಅಲ್ಲಿ ಲಾವಾ ಪದರಗಳ ನಡುವಿನ ಕೆರೆಯ ಮಣ್ಣಿನಲ್ಲಿ ಇಲಿಯಷ್ಟು ದೊಡ್ಡ ಸಸ್ತನಿಯೊಂದರ ಹಲ್ಲುಗಳು ಸಿಕ್ಕವು. ಜಿ.ವಿ.ಆರ್. ಪ್ರಸಾದ್ ಮತ್ತು ಅಶೋಕ್ ಸಾಹ್ನಿ 1988ರಲ್ಲಿ ಅದನ್ನು ಲೋಕಕ್ಕೆ ಪರಿಚಯಿಸಿದರು. ಹೆಸರು ಡೆಕ್ಕನೊಲೆಸ್ಟಿಸ್. ಡೈನೋಸಾರ್‌ಗಳ ಕೊನೆಯ ಯುಗವಾದ ಕ್ರಿಟೇಶಿಯಸ್‌ನ ಸಸ್ತನಿ ನಮ್ಮ ದೇಶದಲ್ಲಿ ಸಿಕ್ಕಿದ್ದು ಅದೇ ಮೊದಲು. ಗ್ರಾನೈಟಿನಲ್ಲಿ ಇಂಥದ್ದನ್ನು ಹುಡುಕುವುದು ವ್ಯರ್ಥ. ಅದು ಹುಟ್ಟಿದ್ದು ಪ್ರಾಣಿಗಳು ಸುಳಿಯಲಾಗದ ಆಳದಲ್ಲಿ, ಅದೂ ಪ್ರಾಣಿಗಳೇ ಇಲ್ಲದ ಕಾಲದಲ್ಲಿ.

ಬಸಾಲ್ಟಿನ ನಾಡಿನಲ್ಲಿ ಗ್ರಾನೈಟ್ ಇಲ್ಲವೆಂದೇನಲ್ಲ, ಕೆಳಗಿದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರಿನ ಕಿಲ್ಲಾರಿ ಭೂಕಂಪ ಬೀದರ, ಕಲಬುರಗಿಯವರನ್ನೂ ಹಾಸಿಗೆಯಿಂದ ಎಬ್ಬಿಸಿತ್ತು. ಆಮೇಲೆ ವಿಜ್ಞಾನಿಗಳು ಅಲ್ಲಿ 600 ಮೀಟರಿಗೂ ಆಳವಾದ ರಂಧ್ರ ಕೊರೆದರು. ಸುಮಾರು 340 ಮೀಟರ್ ಬಸಾಲ್ಟ್ ದಾಟಿದ ಮೇಲೆ ಸಿಕ್ಕಿದ್ದು ತೆಳುವಾದ ಮಣ್ಣಿನ ಪದರ, ಅದರ ಕೆಳಗೆ ಪ್ರಾಚೀನ ಹರಳುಬಂಡೆ. ಮಣಿಕೊಂಡದಲ್ಲಿ ಕಾಲಡಿಗೆ ಸಿಗುವ ಪ್ರಾಚೀನ ತಳ ಅಲ್ಲಿ ಲಾವಾದ ಹೊದಿಕೆಯಡಿ ಮಲಗಿದೆ.

ಮಣ್ಣಿನ ಲೆಕ್ಕವೂ ಇಲ್ಲಿಂದಲೇ. ಬಸಾಲ್ಟಿನಲ್ಲಿ ಬೆಣಚು ಇಲ್ಲ. ಸವೆದಾಗ ಮರಳು ಉಳಿಯುವುದಿಲ್ಲ, ಹೆಚ್ಚುಕಡಿಮೆ ಎಲ್ಲವೂ ಜೇಡಿಯಾಗುತ್ತದೆ. ಆ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿ ಬಾಯಿಬಿಡುತ್ತದೆ. ಇದೇ ಎರೆಮಣ್ಣು, ಹಿಂಗಾರಿ ಜೋಳ, ಕಡಲೆಯನ್ನು ಮಳೆಯಿಲ್ಲದೆ ಉಳಿದ ತೇವದಲ್ಲೇ ಬೆಳೆಸುವ ತಾಕತ್ತು ಅದರದು, ಮನೆಯ ಗೋಡೆ ಸೀಳಿಸುವ ಕುಖ್ಯಾತಿಯೂ ಅದರದೇ. ಗ್ರಾನೈಟ್ ಸವೆದರೆ ಬೆಣಚಿನ ಮರಳು ಬೆರೆತ ಕೆಮ್ಮಣ್ಣು. ಬೇಗ ಬಸಿಯುತ್ತದೆ, ಬೇಗ ಒಣಗುತ್ತದೆ. 1972ರಲ್ಲಿ ಶುರುವಾದ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆ ಮಣಿಕೊಂಡದ ವಾಯವ್ಯಕ್ಕಿರುವ ಪಟಾನ್‌ಚೆರುವಿನಲ್ಲಿದೆ. ಆ ಜಾಗದ ಒಂದು ಅನುಕೂಲ, ಒಂದೇ ಆವರಣದಲ್ಲಿ ಕೆಂಪು, ಕಪ್ಪು ಎರಡೂ ಮಣ್ಣು ಸಿಗುವುದು.

ಇಷ್ಟು ತಿಳಿದವರು ಕಲ್ಲಿನ ಅಂಗಡಿಗೆ ಹೋದರೆ ತಲೆಕೆಡುತ್ತದೆ. ಅಲ್ಲಿ ಗಟ್ಟಿಯಾಗಿ ಪಾಲಿಶ್ ಹಿಡಿಯುವ ಪ್ರತಿಯೊಂದೂ ಗ್ರಾನೈಟೇ. ಇಳಕಲ್ಲಿನ ಕೆಂಪುಕಲ್ಲು, ಕರೀಂನಗರದ ಟ್ಯಾನ್ ಬ್ರೌನ್ ಇವುಗಳಿಗೆ ಆ ಹೆಸರು ಸಲ್ಲುತ್ತದೆ. ಆದರೆ ಅಡುಗೆಕಟ್ಟೆಗೆ ಜನ ಮುಗಿಬಿದ್ದು ಕೊಳ್ಳುವ ಬ್ಲ್ಯಾಕ್ ಗ್ರಾನೈಟ್ ಗ್ರಾನೈಟೇ ಅಲ್ಲ. ಚಾಮರಾಜನಗರದ ಹೆಸರಾಂತ ಕರಿಕಲ್ಲು ಡಾಲೆರೈಟ್: ಬಸಾಲ್ಟಿನ ರಸ ಮೇಲೆ ಬರಲಾಗದೆ ಹಳೆಯ ಬಂಡೆಯ ಬಿರುಕಿನಲ್ಲೇ ಗೋಡೆಯಂತೆ ನಿಂತು ಆರಿದ್ದು. ಚಿನ್ನದ ಚುಕ್ಕೆಯ ಬ್ಲ್ಯಾಕ್ ಗ್ಯಾಲಕ್ಸಿ ಆಂಧ್ರದ ಪ್ರಕಾಶಂ ಜಿಲ್ಲೆಯ ಚೀಮಕುರ್ತಿಯದು, ಗ್ಯಾಬ್ರೊ ಜಾತಿ. ಅದೇ ಬಗೆಯ ರಸ ಇನ್ನೂ ಆಳದಲ್ಲಿ ಆರಿದರೆ ಆಗುವಂಥದ್ದು. ಹೈದರಾಬಾದಿನ ಗ್ರಾನೈಟನ್ನೂ ಇಂಥ ಡಾಲೆರೈಟ್ ಗೋಡೆಗಳು ಅಲ್ಲಲ್ಲಿ ಸೀಳಿಕೊಂಡು ಹೋಗಿವೆ. ಇವು ದಖನ್ ಲಾವಾಕ್ಕಿಂತ ನೂರಾರು ಕೋಟಿ ವರ್ಷ ಹಳೆಯವು. ಬಸಾಲ್ಟಿನ ರಸ ಈ ನೆಲಕ್ಕೆ ಹೊಸದೇನಲ್ಲ.

ಇದಕ್ಕೆ ಪೂರಾ ತದ್ವಿರುದ್ಧದ ಉದಾಹರಣೆ ಉಡುಪಿಯ ಮಲ್ಪೆಯ ಎದುರು ಕಡಲಿನಲ್ಲಿದೆ. ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳನ್ನು ಪ್ರವಾಸಿ ಬರಹಗಳೆಲ್ಲ ಬಸಾಲ್ಟ್ ಎಂದೇ ಕರೆಯುತ್ತವೆ. ಕಲ್ಲನ್ನು ಪರೀಕ್ಷಿಸಿದವರು ಹೇಳುವುದು ಬೇರೆ: ಅದು ರಯೊಲೈಟ್, ಡಾಸೈಟ್ ಜಾತಿಯ ಕಲ್ಲು. ಎಂದರೆ ಗ್ರಾನೈಟಿಗೆ ಹತ್ತಿರದ ರಸವೇ ಆಳದಲ್ಲಿ ಸಿಕ್ಕಿಕೊಳ್ಳದೆ ಹೊರಬಂದು ಬೇಗ ಆರಿದ್ದು. ವಯಸ್ಸು ಸುಮಾರು 9 ಕೋಟಿ ವರ್ಷ, ಮಡಗಾಸ್ಕರ್ ನಮ್ಮಿಂದ ಕಳಚಿಕೊಂಡ ಕಾಲದ್ದು. ಕಂಬದ ಆಕಾರ ಬಂದದ್ದು ಲಾವಾ ಆರುತ್ತ ಕುಗ್ಗಿ ಬಿರಿದುದರಿಂದ. ಅದಕ್ಕೆ ಬಸಾಲ್ಟೇ ಆಗಬೇಕೆಂದಿಲ್ಲ. ಬಣ್ಣ, ಆಕಾರ ನೋಡಿ ಕಲ್ಲಿಗೆ ಹೆಸರಿಡುವವರು ಮಲ್ಪೆಯಲ್ಲೂ ಮೋಸಹೋಗುತ್ತಾರೆ, ಕಲ್ಲಿನ ಅಂಗಡಿಯಲ್ಲೂ ಮೋಸಹೋಗುತ್ತಾರೆ.

ಅಂಗಡಿಯಲ್ಲಿ ಏನು ನೋಡಬೇಕು? ಹೆಸರಿನ ಜಗಳ ಬೇಡ, ವ್ಯಾಪಾರಿ ಸೋಲುವವನಲ್ಲ. ಕಪ್ಪು ಹಾಸುಗಲ್ಲಿನ ಪಾಲಿಶ್ ಮಾಡದ ಹಿಂಬದಿ ನೋಡಿ. ನಿಜವಾದ ಡಾಲೆರೈಟ್ ಹಿಂದೆಯೂ ಗಾಢ ಬೂದುಗಪ್ಪೇ ಇರುತ್ತದೆ. ಬೂದು ಕಲ್ಲಿಗೆ ಬಣ್ಣ ಕುಡಿಸಿ ಕಪ್ಪು ಮಾಡಿದ್ದರೆ ಉಗುರುಬಣ್ಣ ತೆಗೆಯುವ ಅಸಿಟೋನನ್ನು ಬಿಳಿ ಬಟ್ಟೆಗೆ ಹಾಕಿ ಮೂಲೆಯಲ್ಲಿ ತಿಕ್ಕಿದಾಗ ಬಟ್ಟೆ ಕಪ್ಪಾಗುತ್ತದೆ. ಒಂದು ಬಲವಾದ ಪುಟ್ಟ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಕಲ್ಲಿನ ಅಂಚಿಗೆ ಹಿಡಿದರೆ ಡಾಲೆರೈಟ್, ಗ್ಯಾಬ್ರೊಗಳಲ್ಲಿರುವ ಮ್ಯಾಗ್ನೆಟೈಟ್ ಅದನ್ನು ಹಗುರವಾಗಿ ಎಳೆಯುತ್ತದೆ. ತಿಳಿಬಣ್ಣದ ಗ್ರಾನೈಟಿನಲ್ಲಿ ಆ ಎಳೆತ ಅಷ್ಟಾಗಿ ಇರುವುದಿಲ್ಲ. ತೂಕದಲ್ಲೂ ವ್ಯತ್ಯಾಸವಿದೆ. 18 ಮಿಲಿಮೀಟರ್ ದಪ್ಪದ ಒಂದು ಚದರ ಅಡಿ ಗ್ರಾನೈಟ್ ಸುಮಾರು 4.4 ಕಿಲೋ, ಕಪ್ಪುಕಲ್ಲು 5 ಕಿಲೋ. ಗೀರಿಗೆ ಗ್ರಾನೈಟೇ ಒಂದು ಕೈ ಮೇಲು, ಬೆಣಚು ಉಕ್ಕಿನ ಚಾಕುವಿಗಿಂತ ಗಟ್ಟಿ. ಕಲೆಗೆ ಕಪ್ಪುಕಲ್ಲು ಮೇಲು, ಹರಳುಗಳು ಒತ್ತಾಗಿ ಹೆಣೆದುಕೊಂಡಿರುವುದರಿಂದ ಎಣ್ಣೆ ಸುಲಭಕ್ಕೆ ಇಳಿಯದು. ತಿಳಿಬಣ್ಣದ ಗ್ರಾನೈಟ್ ಹಾಕಿಸಿದವರು ಸೀಲರ್ ಹಚ್ಚಿಸುವುದು ಒಳ್ಳೆಯದು. ನಿಂಬೆರಸಕ್ಕೆ ಎರಡೂ ಅಂಜುವುದಿಲ್ಲ, ಅಂಜುವುದು ಅಮೃತಶಿಲೆ. ನನ್ನನ್ನು ಕೇಳಿದರೆ ದಿನಬಳಕೆಯ ಕಟ್ಟೆಗೆ ಕಪ್ಪುಕಲ್ಲೇ ಸರಿ, ಹೆಸರು ಸುಳ್ಳಾದರೂ.

ಕಲ್ಲು ನಿಜವಾಗಿ ಕೈಕೊಡುವುದು ನೀರಿನ ವಿಷಯಕ್ಕೆ. ಗ್ರಾನೈಟಿನ ಮೈಯಲ್ಲಿ ನೀರು ನಿಲ್ಲುವಷ್ಟು ರಂಧ್ರಗಳಿಲ್ಲ. ನೀರು ನಿಲ್ಲುವುದು ಮೇಲಿನ ಗರಸಿನಲ್ಲಿ, ಅದರ ಕೆಳಗಿನ ಬಿರುಕುಬಿಟ್ಟ ಪದರದಲ್ಲಿ ಮಾತ್ರ. ಹೈದರಾಬಾದಿನ ದಕ್ಷಿಣದ ಮಹೇಶ್ವರಂನಲ್ಲಿ ನಮ್ಮ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ಮತ್ತು ಫ್ರೆಂಚ್ ವಿಜ್ಞಾನಿಗಳು ಜೊತೆಯಾಗಿ ಹಲವು ವರ್ಷ ಅಧ್ಯಯನ ಮಾಡಿದರು. ಸವೆದ ಪದರ 10ರಿಂದ 15 ಮೀಟರ್, ಅದರಡಿ ಬಿರುಕಿನ ಪದರ 15ರಿಂದ 20 ಮೀಟರ್ ಎಂದು ಕಂಡುಕೊಂಡರು. ಅದರ ಕೆಳಗೆ ಬಹುತೇಕ ಗಟ್ಟಿ ಬಂಡೆ, ಅಪರೂಪಕ್ಕೊಂದು ಬಿರುಕು. ಎಂದರೆ ಗ್ರಾನೈಟಿನ ನೀರಿನ ತೊಟ್ಟಿ ನೂರು ನೂರಿಪ್ಪತ್ತು ಅಡಿಯ ಆಸುಪಾಸಿಗೇ ಮುಗಿಯುತ್ತದೆ. ಸಾವಿರ ಅಡಿ ಕೊರೆಸುವವರು ತೊಟ್ಟಿಯ ತಳವನ್ನು ತೂತು ಮಾಡಿ ಅದೃಷ್ಟದ ಬಿರುಕೊಂದನ್ನು ಹುಡುಕುತ್ತಿರುತ್ತಾರೆ, ಅಷ್ಟೇ. ಇನ್ನು ಎರಡು ಮೂರು ಹಂತದ ನೆಲಮಾಳಿಗೆ ತೋಡಿದಾಗ ಆಗುವುದೇನು? ನೀರು ಹಿಡಿದಿಡುವ ಆ ಗರಸಿನ ಪದರವನ್ನೇ ಲಾರಿಗೆ ತುಂಬಿ ಕಳಿಸಿರುತ್ತೇವೆ. ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುವಾಗ ಇದನ್ನು ಯಾರೂ ನೆನೆಯುವುದಿಲ್ಲ. ಮಳೆನೀರು ಇಂಗುಗುಂಡಿ ತೋಡುವುದಿದ್ದರೆ ಅದು ಗರಸು ಉಳಿದಿರುವ ಮೂಲೆಯಲ್ಲಿರಬೇಕು. ಬರಿ ಬಂಡೆಯಲ್ಲಿ ಕೊರೆದ ಗುಂಡಿ ಸೊಳ್ಳೆ ಸಾಕಲು ಮಾತ್ರ ಲಾಯಕ್ಕು.

ಆಳದ ಗ್ರಾನೈಟಿನ ನೀರಿಗೆ ಇನ್ನೊಂದು ತೊಡಕಿದೆ. ಅಭ್ರಕ, ಅಪಟೈಟ್, ಫ್ಲೋರೈಟ್ ಹರಳುಗಳಲ್ಲಿರುವ ಫ್ಲೋರೈಡ್ ನಿಧಾನವಾಗಿ ನೀರಿಗಿಳಿಯುತ್ತದೆ. ನಲ್ಗೊಂಡ, ಪಾವಗಡ, ಕೋಲಾರದ ಹಳ್ಳಿಗಳಲ್ಲಿ ಹಲ್ಲಿನ ಹಳದಿ ಕಲೆ, ಮೂಳೆಯ ಬಾಗು ಬಂದದ್ದು ಹೀಗೆ. ಆದ್ದರಿಂದ ಕೊಳವೆಬಾವಿಯ ನೀರು ಕುಡಿಯುವವರು ಉಪ್ಪಿನಂಶದ ಜೊತೆಗೆ ಫ್ಲೋರೈಡನ್ನೂ ಪರೀಕ್ಷೆ ಮಾಡಿಸಬೇಕು. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಚೆನ್ನ, 1.5 ದಾಟಬಾರದು.

ಬಸಾಲ್ಟಿನಲ್ಲಿ ನೀರಿನ ದಾರಿ ಬೇರೆ. ಒಂದು ಹರಿವಿನ ತೂತುತೂತಾದ ನೆತ್ತಿ, ಅದರ ಮೇಲೆ ಕೂತ ಮುಂದಿನ ಹರಿವಿನ ಬುಡ, ಇವೆರಡರ ಸಂದಿಯಲ್ಲಿ ಅದು ಅಡ್ಡಲಾಗಿ ಸಾಗುತ್ತದೆ. ಬಾವಿ ತೋಡುವವರು ಸರಿಯಾದ ಸಂದಿಗೆ ತಾಗಿದರೆ ನೀರು, ತಪ್ಪಿದರೆ ಗಟ್ಟಿ ಕರಿಕಲ್ಲು. ಬೀದರಿನಲ್ಲಿ ಇದಕ್ಕೆ ಇನ್ನೊಂದು ಪದರ ಸೇರಿಕೊಂಡಿದೆ. ಅಲ್ಲಿನ ಬಸಾಲ್ಟಿನ ನೆತ್ತಿ ಬಿಸಿಲು ಮಳೆಗೆ ಸಿಕ್ಕಿ ಕೆಂಪು ಜಂಬಿಟ್ಟಿಗೆಯಾಗಿದೆ. ಕೋಟೆಯ ಗೋಡೆಗೆ ಬಳಸಿದ್ದು, ಕಂದಕ ಕಡಿದದ್ದು ಆ ಕಲ್ಲಿನಲ್ಲೇ. ಜಂಬಿಟ್ಟಿಗೆ ಮಳೆಯನ್ನು ಹೀರಿ ಕೆಳಗಿಳಿಸುತ್ತದೆ, ಅಡಿಯ ಜೇಡಿಯೂ ಬಸಾಲ್ಟೂ ಅದನ್ನು ತಡೆದು ನಿಲ್ಲಿಸುತ್ತವೆ. ಬಹಮನಿ ಕಾಲದವರು ಜಂಬಿಟ್ಟಿಗೆ, ಬಸಾಲ್ಟ್‌ಗಳ ನಡುವೆಯೇ ಸುರಂಗ ಕೊರೆದು, ನಡುನಡುವೆ ಬಾವಿಯಂಥ ಗವಾಕ್ಷಿ ಬಿಟ್ಟು, ನೀರು ತಾನೇ ಇಳಿಜಾರಿನಲ್ಲಿ ಹರಿದು ಬರುವಂತೆ ಮಾಡಿದರು. ಇರಾನಿನಿಂದ ಬಂದ ಈ ವಿದ್ಯೆಗೆ ಕರೇಜ್ ಎಂದು ಹೆಸರು. ನೌಬಾದಿನ ಕರೇಜ್ ಎರಡು ಕಿಲೋಮೀಟರಿಗೂ ಉದ್ದ. ಕೆಲ ವರ್ಷಗಳ ಹಿಂದೆ ಹೂಳು ತೆಗೆಸಿದಾಗ ಅದರಲ್ಲಿ ಮತ್ತೆ ನೀರು ಹರಿಯಿತು, ಪಂಪಿಲ್ಲದೆ, ಕರೆಂಟಿಲ್ಲದೆ.